ತೂಕ ಇಳಿಸುವ ಆಪರೇಷನ್: ಹೌದು ಅನ್ನುವ ಮೊದಲು, ಬೇಡ ಅನ್ನುವ ಮೊದಲು

ಅಕ್ಕ ಮೊದಲ ಸಲ ಸರ್ಜನ್ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಎಲ್ಲ ಸೇರಿ ಹತ್ತು ನಿಮಿಷದ ಮಾತು. ಹೊಟ್ಟೆಯ ಚಿತ್ರ ತೋರಿಸಿದರು. ಬೇರೆಯವರು ಮೊದಲು ಹೇಗಿದ್ದರು, ಆಮೇಲೆ ಹೇಗಾದರು ಅನ್ನುವ ಫೋಟೋ ತೋರಿಸಿದರು. ಮುಂದಿನ ವಾರವೇ ಡೇಟ್ ಖಾಲಿ ಇದೆ ಅಂದರು. ಹೊರಗೆ ಬಂದ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು: "ಆಮೇಲೆ ನಾನು ದಿನಾ ಊಟ ಹೇಗೆ ಮಾಡ್ತೀನಿ ಅಂತ ಯಾರೂ ಹೇಳ್ಲೇ ಇಲ್ವಲ್ಲೇ?"

ಆ ಒಂದು ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಎಂಟು ತಿಂಗಳು ಹಿಡಿಯಿತು. ಕೊನೆಗೆ ಅಕ್ಕ ಬೇರೆ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡಳು. ಅದೇ ಸಮಯದಲ್ಲಿ ನನ್ನ ಗೆಳತಿಯೊಬ್ಬಳು ಅಷ್ಟೇ ಯೋಚನೆ ಮಾಡಿ ಬೇಡ ಅಂದಳು. ಇಬ್ಬರದೂ ಸರಿ ಅಂತಲೇ ನನ್ನ ಅನಿಸಿಕೆ. ಆಪರೇಷನ್ ಟೇಬಲ್ ಮೇಲಿನ ಒಂದೆರಡು ಗಂಟೆ ಹೇಗೋ ಕಳೆದುಹೋಗುತ್ತದೆ. ಅದರ ಮುಂದಿನ ಇಪ್ಪತ್ತು ವರ್ಷ ಹೇಗಿರುತ್ತದೆ ಅನ್ನುವುದನ್ನು ಇಬ್ಬರೂ ನೋಡಿದ್ದರು. ನಾನು ಡಾಕ್ಟರ್ ಅಲ್ಲ. ನಾವು ಒಂದೊಂದಾಗಿ ಮಾಡಿದ ಕೆಲಸಗಳನ್ನು, ಮಾಡಬೇಕಿತ್ತು ಅನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಲೆಕ್ಕ ಹಾಕಿ

ತೂಕವನ್ನು ಕಿಲೋದಲ್ಲಿ ಬರೆದುಕೊಳ್ಳಿ. ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ. ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿ. ಬರುವುದು ಬಿಎಂಐ. ಅಕ್ಕನ ಎತ್ತರ 160 ಸೆಂಟಿಮೀಟರ್, ಆಗ ಇದ್ದ ತೂಕ 96 ಕಿಲೋ. 1.6ನ್ನು 1.6ರಿಂದ ಗುಣಿಸಿದರೆ 2.56. 96ನ್ನು 2.56ರಿಂದ ಭಾಗಿಸಿದರೆ 37.5.

1991ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮವೇ ಬಹಳ ಕಾಲ ಎಲ್ಲ ಕಡೆ ನಡೆಯುತ್ತಿತ್ತು. ಬಿಎಂಐ 40 ದಾಟಿರಬೇಕು, ಇಲ್ಲವೇ 35 ದಾಟಿ ಜೊತೆಗೆ ತೂಕಕ್ಕೆ ಸಂಬಂಧಪಟ್ಟ ಗಂಭೀರ ಕಾಯಿಲೆ ಇರಬೇಕು. 2022ರಲ್ಲಿ ತೂಕ ಇಳಿಸುವ ಆಪರೇಷನ್ ಮಾಡುವ, ಅಂದರೆ ಬೇರಿಯಾಟ್ರಿಕ್ ಸರ್ಜನ್‌ಗಳ ಸಂಘಗಳು ಇದನ್ನು ಸಡಿಲ ಮಾಡಿದವು. ಈಗ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಸಲಹೆ ಮಾಡಬಹುದು. 30ರಿಂದ 35ರ ನಡುವೆ ಇದ್ದು ಶುಗರ್‌ನಂಥ ತೊಂದರೆ ಇರುವವರ ವಿಷಯದಲ್ಲೂ ಯೋಚಿಸಬಹುದು. ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲೇ ಶುಗರ್, ಹೃದಯದ ತೊಂದರೆ ಶುರುವಾಗುತ್ತದೆ. ಹಾಗಾಗಿ ಅವರಿಗೆ 27.5ರಿಂದಲೇ ಈ ಮಾತು ತೆಗೆಯಬಹುದು ಅನ್ನುತ್ತದೆ ಆ ಮಾರ್ಗಸೂಚಿ.

ಬಿಎಂಐ ಒರಟು ಅಳತೆ. ಮಾಂಸಖಂಡ ಯಾವುದು, ಕೊಬ್ಬು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದು ಬಾಗಿಲು ತೆರೆದಿದೆಯಾ ಅಂತ ಹೇಳುತ್ತದೆ, ಒಳಗೆ ಹೋಗಬೇಕಾ ಅಂತ ಹೇಳುವುದಿಲ್ಲ. ಐದಾರು ಕಿಲೋ ಜಾಸ್ತಿ ಇದೆ, ಮದುವೆ ಮನೆಯ ಫೋಟೋದಲ್ಲಿ ದಪ್ಪ ಕಾಣ್ತೀನಿ ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಇದು ನಿಮಗಲ್ಲ.

2. ಯಾಕೆ ಬೇಕು ಅಂತ ಒಂದು ಪುಸ್ತಕದಲ್ಲಿ ಬರೆಯಿರಿ

ಸುಮ್ನೆ ಮನಸ್ಸಿನಲ್ಲಿ ಅಂದುಕೊಂಡರೆ ಆಗುವುದಿಲ್ಲ, ಕೈಯಾರೆ ಬರೆಯಬೇಕು. ಅಕ್ಕ ಬರೆದದ್ದು ಹೀಗಿತ್ತು: ನಾಲ್ಕು ವರ್ಷದಿಂದ ಶುಗರ್. ರಾತ್ರಿ ಗೊರಕೆ, ಮಧ್ಯೆ ಉಸಿರು ಕಟ್ಟುತ್ತದೆ ಅಂತ ಭಾವ ಹೇಳುತ್ತಾರೆ. ಮೆಟ್ಟಿಲು ಇಳಿಯುವಾಗ ಮಂಡಿ ನೋವು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಸಾಲು ಸೇರಿಸಿದಳು: "ಅತ್ತೆ ಮಾತು ನಿಲ್ಲಬೇಕು."

ಮೊದಲ ಮೂರಕ್ಕೆ ಆಪರೇಷನ್‌ನಿಂದ ಒಳ್ಳೆಯದಾಗುವ ಸಾಧ್ಯತೆ ಜಾಸ್ತಿ. ನಾಲ್ಕನೆಯದಕ್ಕೆ ಯಾವ ಸರ್ಜನ್ ಹತ್ತಿರವೂ ಔಷಧಿ ಇಲ್ಲ. ನಿಮ್ಮ ಪಟ್ಟಿಯಲ್ಲೂ ಈ ಎರಡು ಬಗೆಯ ಸಾಲು ಇರುತ್ತವೆ. ಬೇರೆ ಬೇರೆ ಮಾಡಿ ನೋಡಿ. ಎರಡನೇ ಬಗೆಯೇ ಜಾಸ್ತಿ ಇದ್ದರೆ ಸ್ವಲ್ಪ ನಿಧಾನಿಸಿ.

ಶುಗರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಆಪರೇಷನ್ ಆದ ಕೆಲವೇ ದಿನಗಳಲ್ಲಿ, ತೂಕ ಇನ್ನೂ ಇಳಿಯುವ ಮೊದಲೇ, ಹಲವರ ಶುಗರ್ ಕೆಳಗೆ ಬರುತ್ತದೆ. ಊಟ ಕಡಿಮೆಯಾಗುವುದು ಒಂದು ಕಾರಣ. ಕರುಳಿನಿಂದ ಹೊರಡುವ ಹಾರ್ಮೋನುಗಳು ಬದಲಾಗುವುದು ಇನ್ನೊಂದು. ಶುಗರ್ ಬಂದು ಕೆಲವೇ ವರ್ಷ ಆಗಿದ್ದು, ಇನ್ಸುಲಿನ್ ಶುರುವಾಗಿಲ್ಲ ಅಂದರೆ ಫಲ ಚೆನ್ನಾಗಿರುತ್ತದೆ. ಹತ್ತು ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಿಗೆ ಪೂರ್ತಿ ಬಿಡುಗಡೆ ಕಷ್ಟ. ಡೋಸ್ ಕಡಿಮೆ ಆಗಬಹುದು, ಅದೂ ದೊಡ್ಡದೇ.

3. ಬೇರೆ ದಾರಿಗಳನ್ನು ನಿಜವಾಗಿ ನೋಡಿದ್ದೀರಾ?

"ಬಾಯಿ ಕಟ್ಟಿದರೆ ಸಾಕು, ಕತ್ತಿ ಯಾಕೆ?" ಅನ್ನುವವರು ನಿಮ್ಮ ಸುತ್ತ ಇದ್ದೇ ಇರುತ್ತಾರೆ. ಅವರ ಮಾತಿಗೆ ಬೇಜಾರಾಗಬೇಡಿ. ತೂಕ ಇಳಿದಾಗ ದೇಹ ಸುಮ್ಮನಿರುವುದಿಲ್ಲ. ಹಸಿವು ಹೆಚ್ಚಿಸುತ್ತದೆ, ಕ್ಯಾಲೊರಿ ಖರ್ಚನ್ನು ಕಡಿಮೆ ಮಾಡುತ್ತದೆ, ಹಳೆ ತೂಕಕ್ಕೆ ಎಳೆಯುತ್ತದೆ. ಡಯಟ್ ಮಾಡಿ ಇಳಿಸಿದ ಹದಿನೈದು ಕಿಲೋ ಎರಡೇ ವರ್ಷದಲ್ಲಿ ವಾಪಸ್ ಬಂದಿದ್ದರೆ ಅದಕ್ಕೆ ನಿಮ್ಮ ಸೋಮಾರಿತನ ಕಾರಣ ಅಂತ ಅಂದುಕೊಳ್ಳಬೇಕಾಗಿಲ್ಲ.

ಈಗ ತೂಕ ಇಳಿಸುವ ಇಂಜೆಕ್ಷನ್‌ಗಳೂ ಇವೆ. 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ಅನ್ನುವ ಇಂಜೆಕ್ಷನ್ ತೆಗೆದುಕೊಂಡವರು 68 ವಾರಗಳಲ್ಲಿ ಸರಾಸರಿ ಸುಮಾರು 15 ಶೇಕಡಾ ತೂಕ ಇಳಿಸಿದರು. ಮರುವರ್ಷ ಬಂದ ಟಿರ್ಜೆಪಟೈಡ್ ಪರೀಕ್ಷೆಯಲ್ಲಿ, ಹೆಚ್ಚಿನ ಡೋಸ್‌ನಲ್ಲಿ, 72 ವಾರಕ್ಕೆ ಸುಮಾರು 20 ಶೇಕಡಾ. ನಿಲ್ಲಿಸಿದರೆ ತೂಕ ಮರಳುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ವಾಪಸ್ ಬಂದಿತ್ತು. ಅಂದರೆ ಬಹಳ ಕಾಲ, ಬಹುಶಃ ಜೀವನಪೂರ್ತಿ ತೆಗೆದುಕೊಳ್ಳಬೇಕು, ಖರ್ಚೂ ಅಷ್ಟೇ ಕಾಲ ಇರುತ್ತದೆ. ನನ್ನ ಗೆಳತಿ ಆರಿಸಿಕೊಂಡದ್ದು ಈ ದಾರಿಯನ್ನೇ. ಅವಳ ಬಿಎಂಐ 31, ಬೇರೆ ಕಾಯಿಲೆ ಇರಲಿಲ್ಲ. ಬೇಡ ಅನಿಸಿದ ದಿನ ನಿಲ್ಲಿಸಬಹುದು ಅನ್ನುವುದೇ ಅವಳಿಗೆ ಸಮಾಧಾನ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಆಗುವುದಿಲ್ಲ ಅಲ್ವಾ?

4. ಯಾವ ಆಪರೇಷನ್ ಅಂತ ತಿಳಿದುಕೊಳ್ಳಿ

ಇದರ ಹುಟ್ಟು ಸ್ವಾರಸ್ಯವಾಗಿದೆ. ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡವರು ಸಣ್ಣಗಾಗುತ್ತಿದ್ದುದು ಅಮೆರಿಕದ ಅಯೋವಾದಲ್ಲಿದ್ದ ಸರ್ಜನ್ ಎಡ್ವರ್ಡ್ ಮೇಸನ್ ಅವರ ಕಣ್ಣಿಗೆ ಬಿತ್ತು. 1960ರ ದಶಕದಲ್ಲಿ ಅವರು ತೂಕಕ್ಕಾಗಿಯೇ ಜಠರದ ಬೈಪಾಸ್ ಮಾಡಲು ಶುರುಮಾಡಿದರು. ಆಗ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯುತ್ತಿದ್ದರು. ಈಗ ನಾಲ್ಕೈದು ಸಣ್ಣ ತೂತುಗಳಲ್ಲೇ ಕೆಲಸ ಮುಗಿಯುತ್ತದೆ.

ಇವತ್ತು ಹೆಚ್ಚಾಗಿ ಮಾಡುವುದು ಎರಡು. ಒಂದು ಸ್ಲೀವ್. ಜಠರದ 75ರಿಂದ 80 ಶೇಕಡಾ ಭಾಗ ಕತ್ತರಿಸಿ ತೆಗೆಯುತ್ತಾರೆ, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ತಯಾರಾಗುವುದು ಹೆಚ್ಚಾಗಿ ತೆಗೆದ ಭಾಗದಲ್ಲೇ. ಹಾಗಾಗಿ ಹಸಿವೂ ಕುಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ಆದರೆ ತೆಗೆದದ್ದು ತೆಗೆದದ್ದೇ. ಎದೆಯುರಿ, ಹುಳಿತೇಗು ಮೊದಲೇ ಜೋರಾಗಿದ್ದವರಿಗೆ ಸ್ಲೀವ್ ಆದ ಮೇಲೆ ಅದು ಇನ್ನೂ ಜಾಸ್ತಿ ಆಗಬಹುದು. ಕೆಲವರು ಅದೊಂದೇ ಕಾರಣಕ್ಕೆ ಎರಡನೇ ಆಪರೇಷನ್ ಮಾಡಿಸಿಕೊಳ್ಳಬೇಕಾಗುತ್ತದೆ.

ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್. ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎದೆಯುರಿ ಇರುವವರಿಗೆ, ಶುಗರ್ ಹಿಡಿತಕ್ಕೆ ಬಾರದವರಿಗೆ ಇದು ಹೆಚ್ಚಾಗಿ ಸರಿಹೊಂದುತ್ತದೆ. ವಿಟಮಿನ್ ಕೊರತೆ ಇದರಲ್ಲಿ ಜಾಸ್ತಿ. ಸಿಹಿ ಸ್ವಲ್ಪ ಹೆಚ್ಚಾದರೆ ಎದೆ ಡವಡವ, ಬೆವರು, ತಲೆಸುತ್ತು, ಭೇದಿ ಬರಬಹುದು, ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ನೋವಿನ ಮಾತ್ರೆಗಳನ್ನು ಆಮೇಲೆ ಮರೆತುಬಿಡಬೇಕು, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ ಸಿಗರೇಟಿಗೂ ಇದೇ ಮಾತು. ಮಂಡಿ ನೋವಿಗೆ ದಿನಾ ಮಾತ್ರೆ ನುಂಗುವವರು ಇದನ್ನು ಮೊದಲೇ ಡಾಕ್ಟರ್ ಕಿವಿಗೆ ಹಾಕಿ.

ಮಿನಿ ಬೈಪಾಸ್ ಅಂತ ಒಂದಿದೆ, ಕರುಳಿನ ಇನ್ನೂ ಹೆಚ್ಚು ಭಾಗವನ್ನು ಬಿಟ್ಟು ಜೋಡಿಸುವ ಬೇರೆ ಬಗೆಗಳೂ ಇವೆ. ಒಂದು ಕಾಲದಲ್ಲಿ ಬಹಳ ನಡೆಯುತ್ತಿದ್ದ ಬ್ಯಾಂಡ್, ಅಂದರೆ ಜಠರದ ಮೇಲ್ಭಾಗಕ್ಕೆ ಬಿಗಿಯುವ ಪಟ್ಟಿ, ಈಗ ಹಿಂದೆ ಬಿದ್ದಿದೆ. ಹಾಕಿದ ಬ್ಯಾಂಡನ್ನು ತೆಗೆಸಿಕೊಂಡವರೇ ಬಹಳ.

ಅಕ್ಕನಿಗೆ ಆ ಮೊದಲ ಜಾಗದಲ್ಲಿ ಸ್ಲೀವ್ ಅಂದಿದ್ದರು. ಎದೆಯುರಿ ಇದೆಯಾ ಅಂತ ಕೇಳಿರಲೇ ಇಲ್ಲ. ಎರಡನೇ ಸರ್ಜನ್ ಎಂಡೋಸ್ಕೋಪಿ ಮಾಡಿಸಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇಳಿಸಿ ಒಳಗೆ ನೋಡಿ, ಬೈಪಾಸ್ ಅಂದರು. ಇಬ್ಬರು ಸರ್ಜನ್‌ಗಳನ್ನು ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

5. ಎಷ್ಟು ಇಳಿಯುತ್ತದೆ? ಮತ್ತೆ ಲೆಕ್ಕದ ಪುಸ್ತಕ ತೆಗೆಯಿರಿ

ಸ್ಲೀವ್‌ನಲ್ಲಿ ಒಂದೆರಡು ವರ್ಷದಲ್ಲಿ ಒಟ್ಟು ತೂಕದ ಸುಮಾರು 25 ಶೇಕಡಾ, ಬೈಪಾಸ್‌ನಲ್ಲಿ 30ರ ಹತ್ತಿರ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. 96 ಕಿಲೋ ಇದ್ದವರು 25 ಶೇಕಡಾ ಇಳಿದರೆ 72 ಆಗುತ್ತಾರೆ. ಬಿಎಂಐ ಆಗಲೂ 28. ಫೋಟೋದಲ್ಲಿ ತೋರಿಸುವ ತೆಳ್ಳಗಿನ ಸೊಂಟ ಎಲ್ಲರಿಗೂ ಬರುವುದಿಲ್ಲ. ಚರ್ಮ ಜೋತುಬೀಳುತ್ತದೆ, ಅದು ವ್ಯಾಯಾಮಕ್ಕೆ ಬಗ್ಗುವುದು ಕಡಿಮೆ. ಎರಡು ವರ್ಷ ಕಳೆದ ಮೇಲೆ ಸ್ವಲ್ಪ ತೂಕ ಮರಳುವುದೂ ಮಾಮೂಲು. 72 ಕಿಲೋ ಆಗಿ, ಶುಗರ್ ಮಾತ್ರೆ ಬಿಟ್ಟು, ರಾತ್ರಿ ನಿದ್ದೆ ಬಂದರೆ ಸಾಕಾ? ಹೌದು ಅನಿಸಿದರೆ ಮುಂದೆ ಓದಿ. ಇಲ್ಲ, 55 ಆಗಲೇಬೇಕು ಅನಿಸಿದರೆ ಇನ್ನೊಮ್ಮೆ ಯೋಚಿಸಿ. ಬೇಜಾರು ಅಲ್ಲಿಂದಲೇ ಹುಟ್ಟುತ್ತದೆ.

ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಅಧ್ಯಯನ ಆಪರೇಷನ್ ಆದವರನ್ನೂ ಆಗದವರನ್ನೂ ದಶಕಗಳ ಕಾಲ ಗಮನಿಸಿತು. ಆದವರಲ್ಲಿ ಸಾವಿನ ಪ್ರಮಾಣ ಕಡಿಮೆ ಅಂತ ಕಂಡುಬಂತು. ನನಗೆ ಯಾವ ಫೋಟೋಗಿಂತಲೂ ಇದು ದೊಡ್ಡ ಮಾತು.

6. ಅಪಾಯವನ್ನು ಸರಿಯಾದ ಅಳತೆಯಲ್ಲಿ ನೋಡಿ

ಅನುಭವಿ ಕೈಗಳಲ್ಲಿ ಸಾವಿನ ಅಪಾಯ ಸಾವಿರಕ್ಕೆ ಒಂದರ ಆಸುಪಾಸು. ಪಿತ್ತಕೋಶ ತೆಗೆಯುವ ಆಪರೇಷನ್‌ನಷ್ಟೇ ಅಂತ ಹೋಲಿಸುತ್ತಾರೆ. ವಯಸ್ಸು, ಹೃದಯ, ಶ್ವಾಸಕೋಶದ ಸ್ಥಿತಿ ನೋಡಿಕೊಂಡು ಇದು ಬದಲಾಗುತ್ತದೆ. ಮೊದಲ ದಿನಗಳಲ್ಲಿ ಹೆದರಬೇಕಾದದ್ದು ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು. ಹಾಗಾಗಿಯೇ ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುತ್ತಾರೆ. ಮನೆಗೆ ಬಂದ ಮೇಲೆ ಜ್ವರ, ನಾಡಿ ಓಟ, ಉಸಿರಾಟ ಕಷ್ಟ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ನಿಧಾನವಾಗಿ ಬರುವ ತೊಂದರೆಗಳ ಬಗ್ಗೆ ಜನ ಮಾತಾಡುವುದು ಕಡಿಮೆ. ವೇಗವಾಗಿ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಆಗಬಹುದು, ಕೆಲವು ತಿಂಗಳು ಅದಕ್ಕೆ ಮಾತ್ರೆ ಕೊಡುವುದುಂಟು. ಮೂರನೇ ತಿಂಗಳ ಹೊತ್ತಿಗೆ ಕೂದಲು ಕೈಗೆ ಬರುತ್ತದೆ. ಹೆಚ್ಚಿನವರಿಗೆ ಮತ್ತೆ ಬೆಳೆಯುತ್ತದೆ, ಆದರೂ ಅಕ್ಕ ಅತ್ತದ್ದು ಆಗಲೇ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಕಡಿಮೆಯಾದರೆ ರಕ್ತಹೀನತೆ, ನರಗಳ ತೊಂದರೆ, ಮೂಳೆ ಸವೆತ. ದಿನಗಟ್ಟಲೆ ವಾಂತಿ ಆಗುತ್ತಿದ್ದರೆ ತಡಮಾಡಬೇಡಿ. ಬಿ1 ಖಾಲಿಯಾದರೆ ಮೆದುಳಿಗೇ ಪೆಟ್ಟು ಬೀಳುತ್ತದೆ.

ಮಗು ಬೇಕು ಅನ್ನುವವರು ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಕಾಯಬೇಕು. ತಮಾಷೆ ಅಂದರೆ, ತೂಕ ಇಳಿಯುತ್ತಿದ್ದಂತೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರದೆ ಹೋಗಬಹುದು. ಬೇರೆ ಉಪಾಯ ಏನು ಅಂತ ಮೊದಲೇ ಕೇಳಿ.

7. ಹದಿನೈದು ದಿನ ತಾಲೀಮು ಮಾಡಿ

ಇಡೀ ಎಂಟು ತಿಂಗಳಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದ ಕೆಲಸ ಇದು. ಅಕ್ಕ ಆಪರೇಷನ್ ಆಗಿದೆ ಅಂತಲೇ ಅಂದುಕೊಂಡು ಹದಿನೈದು ದಿನ ಊಟ ಮಾಡಿದಳು. ಅಳತೆ ಅಷ್ಟು ಚಿಕ್ಕದಾಗಿರಲಿಲ್ಲ, ನಿಯಮ ಮಾತ್ರ ಅದೇ. ಶುಗರ್ ಮಾತ್ರೆ, ಇನ್ಸುಲಿನ್ ಇರುವವರು ಇದಕ್ಕೂ ಡಾಕ್ಟರನ್ನು ಕೇಳಿಯೇ ಇಳಿಯಿರಿ.

ಚಿಕ್ಕ ತಟ್ಟೆ, ಚಿಕ್ಕ ಚಮಚ. ಒಂದು ತುತ್ತನ್ನು ನುಣ್ಣಗಾಗುವವರೆಗೆ ಅಗಿಯಬೇಕು. ಊಟಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು. ಮೊದಲು ಪ್ರೋಟೀನ್ ಇರುವ ಪದಾರ್ಥ, ಉಳಿದದ್ದು ಆಮೇಲೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಹೊಟ್ಟೆಗೆ ಹೋಗಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಆದ ಮೇಲೂ ಅರ್ಧ ಗಂಟೆ ಇಲ್ಲ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು, ಗಟಗಟ ಅಂತ ಆಗುವುದಿಲ್ಲ. ದಿನಾ ಮಾತ್ರೆ ತಪ್ಪುವಂತಿಲ್ಲ.

ಎರಡನೇ ದಿನವೇ ಅಕ್ಕ ಸೋತಳು. ಊಟದ ಮಧ್ಯೆ ಕೈ ತಾನಾಗಿ ಲೋಟಕ್ಕೆ ಹೋಯಿತು. ನಾಲ್ಕನೇ ದಿನ ಕಂಡದ್ದು ಇನ್ನೂ ಮುಖ್ಯ: ಆಫೀಸಿನಲ್ಲಿ ಊಟಕ್ಕೆ ಸಿಗುವುದೇ ಹದಿನೈದು ನಿಮಿಷ. ಅದನ್ನು ಮೇಲಿನವರ ಹತ್ತಿರ ಮಾತಾಡಿ ಸರಿಮಾಡಿಕೊಂಡಳು. ಒಂಬತ್ತನೇ ದಿನ ಜಗಳ ಮಾಡಿಕೊಂಡು ಬಂದು ಡಬ್ಬಿಯಲ್ಲಿದ್ದ ಸಿಹಿಯನ್ನೆಲ್ಲ ತಿಂದಳು, ಹಸಿವಿರಲಿಲ್ಲ. ಅದನ್ನೂ ಪುಸ್ತಕದಲ್ಲಿ ಬರೆದೆವು. ತಾಲೀಮಿನಲ್ಲಿ ಸೋತರೆ ಆಪರೇಷನ್‌ಗೆ ಲಾಯಕ್ಕಿಲ್ಲ ಅಂತಲ್ಲ. ಎಲ್ಲಿ ಸೋಲುತ್ತೀರಿ ಅಂತ ಗೊತ್ತಾದರೆ ಸಾಕು.

ನಿಜವಾದ ಆಪರೇಷನ್ ಆದ ಮೇಲೆ ಮೊದಲ ಒಂದೆರಡು ವಾರ ಬರೀ ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಗಟ್ಟಿ ಊಟಕ್ಕೆ ಬರುವಾಗ ಆರೆಂಟು ವಾರ ಆಗಿರುತ್ತದೆ.

8. ಒಂಬತ್ತನೇ ದಿನದ ಸಿಹಿ ಡಬ್ಬಿ

ಬೇಜಾರಾದಾಗ, ಒಂಟಿ ಅನಿಸಿದಾಗ ತಿನ್ನುವ ಅಭ್ಯಾಸ ಹಲವರಿಗಿದೆ. ಆಪರೇಷನ್ ಹೊಟ್ಟೆಯನ್ನು ಚಿಕ್ಕದು ಮಾಡುತ್ತದೆ, ಬೇಜಾರನ್ನು ಮಾಡುವುದಿಲ್ಲ. ತಿನ್ನುವ ಆ ಬಾಗಿಲು ಮುಚ್ಚಿದಾಗ ಕೆಲವರು ಕುಡಿತದ ಕಡೆ ಹೊರಳುತ್ತಾರೆ. ಅದರಲ್ಲೂ ಬೈಪಾಸ್ ಆದವರಿಗೆ ಮದ್ಯ ಬೇಗ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಖಿನ್ನತೆ ಮರುಕಳಿಸುವುದೂ ಉಂಟು. ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ನೋಡಿ ಅಂತ ಆಸ್ಪತ್ರೆಯವರು ಹೇಳಿದರೆ ಅವಮಾನ ಅಂದುಕೊಳ್ಳಬೇಡಿ. ಹೇಳದಿದ್ದರೆ ನೀವೇ ಕೇಳಿ. ಮನಸ್ಸಿನ ಕಾಯಿಲೆಗೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡೋಸ್ ಬದಲಿಸಬೇಕಾಗಬಹುದು, ಆ ಡಾಕ್ಟರಿಗೂ ವಿಷಯ ಗೊತ್ತಿರಲಿ.

9. ಸರ್ಜನ್ ಮುಂದೆ ಕೂತಾಗ

ಚೀಟಿ ಬರೆದುಕೊಂಡು ಹೋಗಿ. ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ? ನಿಮ್ಮ ಕೈಯಲ್ಲಿ ಎಷ್ಟು ಜನಕ್ಕೆ ತೊಂದರೆಯಾಯಿತು, ಆಗ ಏನು ಮಾಡಿದಿರಿ? ನನಗೆ ಈ ಬಗೆಯೇ ಯಾಕೆ, ಇನ್ನೊಂದು ಯಾಕೆ ಬೇಡ? ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಬಂದರೆ ಯಾರಿಗೆ ಫೋನ್ ಮಾಡಲಿ? ಡಯಟಿಶಿಯನ್ ನಿಮ್ಮಲ್ಲೇ ಇದ್ದಾರಾ? ಐದು ವರ್ಷದ ನಂತರವೂ ನನ್ನನ್ನು ನೋಡುತ್ತೀರಾ?

ನಾವು ಎರಡನೇ ಪ್ರಶ್ನೆ ಕೇಳಿದಾಗ ಒಬ್ಬರು ಮುಖ ಗಂಟಿಕ್ಕಿದರು. ಇನ್ನೊಬ್ಬರು ಕುರ್ಚಿ ಮುಂದೆ ಎಳೆದುಕೊಂಡು, ಹೊಲಿಗೆ ಸೋರಿದ ಒಬ್ಬ ರೋಗಿಗೆ ಮತ್ತೆ ಆಪರೇಷನ್ ಮಾಡಬೇಕಾಗಿ ಬಂದದ್ದನ್ನು ಹೆಸರು ಹೇಳದೆ ವಿವರಿಸಿದರು. ಅಕ್ಕ ಅವರ ಹತ್ತಿರವೇ ಮಾಡಿಸಿಕೊಂಡಳು.

ಖರ್ಚು ಕೇಳುವಾಗ ಆಪರೇಷನ್ ದರ ಒಂದನ್ನೇ ಕೇಳಬೇಡಿ. ಮೊದಲಿನ ಪರೀಕ್ಷೆಗಳು, ಜೀವನಪೂರ್ತಿ ವಿಟಮಿನ್, ವರ್ಷವರ್ಷದ ರಕ್ತಪರೀಕ್ಷೆ, ತೊಂದರೆಯಾಗಿ ಮತ್ತೆ ಅಡ್ಮಿಟ್ ಆದರೆ ಯಾರ ಖರ್ಚು, ಜೋತುಬಿದ್ದ ಚರ್ಮ ತೆಗೆಸಬೇಕಾದರೆ ಎಷ್ಟು, ಎಲ್ಲ ಸೇರಿಸಿ ಬರೆಯಿರಿ. ವಿಮೆ ಇದ್ದರೆ ಯಾವ ಬಿಎಂಐಗೆ, ಯಾವ ದಾಖಲೆಗೆ ಕೊಡುತ್ತಾರೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

10. ಹೌದು ಅಂದರೆ, ಸದ್ಯಕ್ಕೆ ಬೇಡ ಅಂದರೆ

ಹೌದು ಅಂತಾದರೆ ಸಿಗರೇಟು ಸೇದುವವರು ಇವತ್ತೇ ಬಿಡಿ, ಕನಿಷ್ಠ ಆರು ವಾರ ಮೊದಲಾದರೂ ನಿಂತಿರಬೇಕು. ಗೊರಕೆ ಇದ್ದರೆ ನಿದ್ದೆಯ ಪರೀಕ್ಷೆ ಆಗಲಿ. ಆಪರೇಷನ್‌ಗೆ ಎರಡು ವಾರ ಮೊದಲು ಕಡಿಮೆ ಕ್ಯಾಲೊರಿಯ ಡಯಟ್ ಕೊಡುತ್ತಾರೆ. ಅದು ಪಿತ್ತಜನಕಾಂಗ ಕುಗ್ಗಿ ಸರ್ಜನ್‌ಗೆ ಜಾಗ ಸಿಗಲಿ ಅಂತ, ಕಳ್ಳಾಟ ಮಾಡಬೇಡಿ. ಶುಗರ್, ಬಿಪಿ ಮಾತ್ರೆಗಳ ಡೋಸ್ ಯಾವ ದಿನ, ಎಷ್ಟು ಇಳಿಸಬೇಕು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಹಳೆ ಡೋಸನ್ನೇ ನುಂಗಿದರೆ ಶುಗರ್ ತೀರಾ ಕೆಳಗೆ ಬಿದ್ದೀತು. ಭಾರ ಎತ್ತುವ ಕೆಲಸಕ್ಕೆ ತಿಂಗಳು ಒಂದೂವರೆ ತಿಂಗಳು ಬೇರೆಯವರನ್ನು ಹುಡುಕಿ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅಂತ ಮೊದಲೇ ನಿರ್ಧರಿಸಿ. ಅಕ್ಕ ಭಾವನಿಗೆ, ಮಕ್ಕಳಿಗೆ, ನನಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಅತ್ತೆಗೆ ಇವತ್ತಿಗೂ ಅದು "ಪಿತ್ತಕೋಶದ ಆಪರೇಷನ್".

ಸದ್ಯಕ್ಕೆ ಬೇಡ ಅಂತಾದರೆ ಪುಸ್ತಕ ಎಸೆಯಬೇಡಿ. ಬೇಡ ಅಂದದ್ದು ಯಾಕೆ ಅಂತ ಕೊನೆಯ ಪುಟದಲ್ಲಿ ಎರಡು ಸಾಲು ಬರೆದು, ಕೆಳಗೆ ಆರು ತಿಂಗಳ ಮುಂದಿನ ತಾರೀಖು ಹಾಕಿ. ಗೆಳತಿ ಹಾಗೆ ಮಾಡಿದ್ದಾಳೆ. ಆ ದಿನ ಶುಗರ್, ಬಿಪಿ, ತೂಕ ಮೂರನ್ನೂ ನೋಡಿಸಿ ಹಳೆಯದರ ಪಕ್ಕ ಬರೆಯುತ್ತಾಳೆ. ಇಲ್ಲಿಯವರೆಗೆ ಎರಡು ಸಲ ಬರೆದಿದ್ದಾಳೆ, ಎರಡು ಸಲವೂ ತಾರೀಖು ಮುಂದಕ್ಕೆ ಹೋಗಿದೆ.